ನಾನು ಹೇಳದ ಬಣ್ಣ

ಒಂದು ಬಣ್ಣದ ಹೆಸರನ್ನು ನಾನು ಇಪ್ಪತ್ತಮೂರು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ಬರೆಯಲು ಅಡ್ಡಿಯಿಲ್ಲ, ಇಗೋ ಬರೆಯುತ್ತೇನೆ: ಕೆಂಪು. ಕಾಗದದ ಮೇಲೆ ಸಲೀಸಾಗಿ ಕೂರುತ್ತದೆ. ನಾಲಿಗೆಯ ಮೇಲೆ ಕೂರುತ್ತಿರಲಿಲ್ಲ. ಕಾರಣ ಇಷ್ಟೆ, ನನ್ನ ಗಂಡನ ಹೆಸರು ಕೆಂಪಣ್ಣ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನನಗೆ ಕಲಿಸಿದ್ದರು. ಹೆಸರು ಹೇಳಬಾರದು ಎಂದಮೇಲೆ ಹೆಸರಿನೊಳಗೆ ಕೂತಿರುವ ಬಣ್ಣವನ್ನೂ ಹೇಳಬಾರದು ಎಂಬುದು ನಮ್ಮ ಅತ್ತೆಯವರು ಸೇರಿಸಿದ ತಿದ್ದುಪಡಿ.

ನನ್ನ ಗಂಡ ಈ ವರ್ಷ ಯುಗಾದಿ ಕಳೆದ ಹತ್ತನೆಯ ದಿನ ಹೋದರು. ಅಂದಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಹಾಲು ಒಲೆಯ ಮೇಲಿಟ್ಟು ಬೀದಿಗೆ ಬಂದುಬಿಡುತ್ತಿದ್ದೆ, ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ ಮೇಲೆ ಹಾಲು ನೆನಪಾಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಚಿಂತೆ ಸೇರಿಕೊಂಡಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಸತ್ತವರಿಗೆ ಮೊದಲ ಮಹಾಲಯ ಅಮಾವಾಸ್ಯೆಯ ದಿನ ಅವರಿಗಿಷ್ಟವಾದದ್ದನ್ನೆಲ್ಲ ಬೇಯಿಸಿ ಎಲೆಯ ಮೇಲೆ ಎಡೆ ಇಡುತ್ತೇವೆ. ಆಮೇಲೆ ಮನೆಯ ಹಿರಿಯರೊಬ್ಬರು ಹೊಸ್ತಿಲ ಮೇಲೆ ನಿಂತು, ಬೀದಿಯ ಕಡೆ ಮುಖಮಾಡಿ, ಹೋದವರನ್ನು ಹೆಸರು ಹಿಡಿದು ಮೂರು ಸಲ ಊಟಕ್ಕೆ ಕರೆಯಬೇಕು. ಕರೆಯದಿದ್ದರೆ ಅವರು ಬೀದಿಯಲ್ಲೇ ನಿಂತಿರುತ್ತಾರಂತೆ, ಇದು ತನ್ನ ಮನೆಯೋ ಅಲ್ಲವೋ ಎಂದು ಗೊತ್ತಾಗದೆ. ನಮಗೆ ಮಕ್ಕಳಿಲ್ಲ. ಇವರ ಹೆಸರು ಹಿಡಿದು ಕರೆಯಬಲ್ಲಷ್ಟು ಹಿರಿಯರೆಂದರೆ ಹೊಸಕೆರೆಹಳ್ಳಿಯಲ್ಲಿರುವ ಇವರ ದೊಡ್ಡಪ್ಪ ಒಬ್ಬರೇ. ಅವರಿಗೆ ಎಂಬತ್ತು ದಾಟಿದೆ. ಅವರ ಮಂಡಿ ನೋವಿನ ಸುದ್ದಿ ಬಂದಾಗಲೆಲ್ಲ ನಾನು ಅಮಾವಾಸ್ಯೆಗೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ.

ಬಣ್ಣದ ಮಾತಿಗೆ ಬರುತ್ತೇನೆ. ನಾನು ಮದುವೆಯ ದಿನ ಕಳೆದುಕೊಂಡದ್ದು ಒಂದು ಬಣ್ಣವನ್ನಲ್ಲ, ಎರಡನ್ನು. ನಮ್ಮ ಮಾವನವರ ಹೆಸರು ಕರಿಯಪ್ಪ. ಹಾಗಾಗಿ ಕರಿಯ ಬಣ್ಣವೂ ಹೋಯಿತು. ಕರಿಬೇವು ನನ್ನ ಬಾಯಲ್ಲಿ ಒಗ್ಗರಣೆ ಸೊಪ್ಪಾಯಿತು. ನಾನು ಸೇರಿದ ಊರು ಕರಿಸಂದ್ರ, ಅದನ್ನೂ ಹೇಳುವ ಹಾಗಿರಲಿಲ್ಲ. ಅಲ್ಲಿನ ಕರಿ ಬಣ್ಣವಲ್ಲ, ಆನೆ ಎಂದು ಓದಿದವರೊಬ್ಬರು ಹೇಳಿದ್ದರು. ಅತ್ತೆಯವರು, "ಆನೆ ಏನು ಬೆಳ್ಳಗಿರುತ್ತಾ?" ಎಂದು ಕೇಳಿ ಆ ವಿಚಾರ ಮುಗಿಸಿದರು. ಯಾರಾದರೂ ಯಾವೂರಮ್ಮ ಎಂದರೆ "ಯಡಿಯೂರು ಪಕ್ಕ" ಎನ್ನುತ್ತಿದ್ದೆ. ಸ್ವಂತ ಊರಿದ್ದೂ ಪಕ್ಕದೂರಿನ ಹೆಸರಿನಲ್ಲಿ ಬದುಕಿದವಳು ನಾನು.

ನನ್ನ ಹೆಸರಿನಲ್ಲೂ ಬಣ್ಣವಿದೆ, ಅದು ಬೇರೆ ತಮಾಷೆ. ನಾನು ಗೌರಮ್ಮ. ಗೌರ ಎಂದರೆ ಬಿಳುಪು ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ ದಿನ ಇಡೀ ತರಗತಿ ತಿರುಗಿ ನನ್ನನ್ನೇ ನೋಡಿತು. ನಾನು ಎಷ್ಟು ಕಪ್ಪು ಎಂದರೆ, ನಮ್ಮ ತಾಯಿ ದೀಪ ಹಚ್ಚಿ ನಿನ್ನನ್ನು ಹುಡುಕುತ್ತಿದ್ದೆ ಎನ್ನುತ್ತಿದ್ದಳು. ಇಟ್ಟವರ ಆಸೆ ಹೆಸರಿನಲ್ಲಿರುತ್ತದೆ, ದೇವರ ಮನಸ್ಸು ಮೈಯಲ್ಲಿರುತ್ತದೆ. ಇವರು ಹುಟ್ಟಿದಾಗ ದಾಸವಾಳದ ಹಾಗಿದ್ದರಂತೆ. ನಾನು ನೋಡುವ ಹೊತ್ತಿಗೆ ಬಿಸಿಲಲ್ಲಿ ಏಣಿಯ ಮೇಲೆ ನಿಂತು ನಿಂತು ನನ್ನ ಬಣ್ಣಕ್ಕೇ ಬಂದಿದ್ದರು. ಅವರು ಮಾತ್ರ ದಿನಕ್ಕೆ ನೂರು ಸಲ "ಗೌರಾ" ಎನ್ನುತ್ತಿದ್ದರು. ಗಂಡಸರು ಹೆಸರು ಹೇಳಿದರೆ ನಮ್ಮ ಆಯಸ್ಸಿಗೆ ಏನೂ ಆಗುವುದಿಲ್ಲವೋ ಏನೋ.

ಏಣಿ ಯಾಕೆಂದರೆ, ಅವರು ಬೋರ್ಡು ಬರೆಯುತ್ತಿದ್ದರು. ಮಾವನವರ ಹೊಲ ಜಯನಗರದ ಬಡಾವಣೆಗೆ ಹೋದ ಮೇಲೆ ನೇಗಿಲು ಅಟ್ಟಕ್ಕೆ ಏರಿತು, ಇವರು ಕುಂಚ ಹಿಡಿದರು. ಮಾರ್ಕೆಟ್ಟಿನ ಹತ್ತಿರ ಒಬ್ಬ ಸಾಹೇಬರ ಬಳಿ ಕೆಲಸ ಕಲಿತರು. ಹೊಸ ಬಡಾವಣೆಯಲ್ಲಿ ಎಲ್ಲಕ್ಕೂ ಹೆಸರು ಬೇಕಿತ್ತು. ಅಂಗಡಿಗೆ, ಮನೆಗೆ, ಹಿಟ್ಟಿನ ಗಿರಣಿಗೆ, ಜಟಕಾದ ಬೆನ್ನಿಗೆ. ಟೆಂಟ್ ಸಿನಿಮಾದವರು ಹೊರಗೆ ಕಟ್ಟುವ ಜಾಹೀರಾತಿನ ಪರದೆಗಳನ್ನೂ ಬರೆಯುತ್ತಿದ್ದರು. ಆಗ ಸಿನಿಮಾ ಎಲ್ಲ ಕಪ್ಪು ಬಿಳುಪು. ನೀಲಿ ಬಣ್ಣದ ದೇವರು ತೆರೆಯ ಮೇಲೆ ಬೂದಿ ಬಣ್ಣದಲ್ಲಿ ಕೊಳಲೂದುತ್ತಿದ್ದ. ಅವನಿಗೆ ಅವನ ನೀಲಿ ವಾಪಸು ಸಿಗುತ್ತಿದ್ದದ್ದು ಹೊರಗೆ, ಇವರು ಬರೆದ ಪರದೆಯ ಮೇಲೆ. "ಒಳಗೆ ಇರೋ ಬಣ್ಣ ಎಲ್ಲ ಕದ್ದು ಹೊರಗೆ ಹಚ್ಚಿದ್ದೀಯ ಕಣಯ್ಯ" ಎಂದು ಟೆಂಟಿನ ಮಾಲೀಕ ನಗುತ್ತಿದ್ದನಂತೆ.

ಸಿನಿಮಾದಲ್ಲೂ ನಾಟಕದಲ್ಲೂ ಬಣ್ಣದ ಹೆಸರುಗಳಿಗೆ ಒಂದು ಕಟ್ಟಳೆಯಿತ್ತು, ನೀವು ಗಮನಿಸಿದ್ದೀರೋ ಇಲ್ಲವೋ. ಕಥಾನಾಯಕಿ ಗೌರಿಯೋ ನೀಲೆಯೋ ಆಗಿರುತ್ತಾಳೆ. ಕತ್ತಿ ಹಿಡಿದು ಬರುವವನು ಕಾಳ. ಬಾವಿಯಿಂದ ನೀರು ಸೇದುವವನು, ಎಮ್ಮೆ ಹೊಡೆಯುವವನು, ಧಣಿಯ ಕೈಲಿ ಒದೆ ತಿಂದು ಜನರನ್ನು ನಗಿಸುವವನು ಯಾವಾಗಲೂ ಕೆಂಪ. "ಲೋ ಕೆಂಪಾ!" ಎಂದು ತೆರೆಯ ಮೇಲಿನ ಧಣಿ ಕೂಗಿದರೆ, ಬೆಂಚಿನ ಮೇಲೆ ಕೂತ ಇವರು "ಬಂದೆ ಬುದ್ಧೀ!" ಎಂದು ಇಲ್ಲಿಂದ ಕೂಗುತ್ತಿದ್ದರು. ಟೆಂಟೆಲ್ಲ ನಗುತ್ತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು, ಯಾರೋ ಎಲ್ಲೋ ಇವರ ಹೆಸರನ್ನು ಹೀಗೆ ಸುಲಭವಾಗಿ ಕೂಗುತ್ತಾರಲ್ಲ ಎಂದುಕೊಳ್ಳುತ್ತಿದ್ದೆ.

ನನಗಾದರೋ ಆ ಬಣ್ಣ ಎಲ್ಲಿ ಹೋದರೂ ಎದುರು ನಿಲ್ಲುತ್ತಿತ್ತು. ಬಸ್ಸು ಆ ಬಣ್ಣ, ಅಂಚೆ ಡಬ್ಬ ಆ ಬಣ್ಣ, ಕೋರ್ಟಿನ ದೊಡ್ಡ ಕಟ್ಟಡ ಆ ಬಣ್ಣ. ಕೆಂಪಾಂಬುಧಿ ಕೆರೆ ನನಗೆ ಗವೀಪುರದ ಕೆರೆ. ಹೋಗಲಿ ಎಂದರೆ ಈ ಊರನ್ನು ಕಟ್ಟಿದ ದೊರೆಯ ಹೆಸರಿನಲ್ಲೂ ಅದೇ ಬಣ್ಣ, ಅವರ ಹೆಸರಿನ ದೊಡ್ಡ ರಸ್ತೆಯಲ್ಲೇ ಸಿನಿಮಾ ಟಾಕೀಸುಗಳೆಲ್ಲ. ಒಂದು ಸಲ ಬಸ್ಸಿನಲ್ಲಿ ಕಂಡಕ್ಟರು ಕೇಳಿದ, "ಎಲ್ಲಿಗಮ್ಮಾ?"

"ಟಾಕೀಸ್‌ಗಳಿರೋ ರಸ್ತೆಗೆ."

"ರಸ್ತೆ ಹೆಸ್ರು ಹೇಳಿ."

"ಅದೇ, ಊರು ಕಟ್ಟಿದ ದೊರೆ ಇದಾರಲ್ಲ, ಅವರದ್ದು."

"ದೊರೆಗಳಿಗೆಲ್ಲ ನಮ್ ಬಸ್ಸಲ್ಲಿ ಸ್ಟಾಪಿಲ್ಲಮ್ಮ."

ಹಿಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ತಲೆ ಮುಂದೆ ಚಾಚಿ, "ಅಯ್ಯೋ ನಿನ್ನ, ಯಜಮಾನ್ರ ಹೆಸ್ರಿರ್ಬೇಕು ಕಣಯ್ಯ, ನಿಂಗಿನ್ನೂ ಮದುವೆ ಆಗಿಲ್ವಾ? ಕೊಡು ಟಿಕೆಟ್ಟು" ಎಂದಳು. ಕಂಡಕ್ಟರು ನಾಚಿಕೊಂಡು ಟಿಕೆಟ್ ಹರಿದ. ಬಸ್ಸಿಗೆ ಬಸ್ಸೇ ನನ್ನ ಗಂಡನ ಹೆಸರು ಏನಿರಬಹುದೆಂದು ತಿಳಿದುಕೊಂಡು ಇಳಿಯಿತು.

ಇನ್ನೊಂದು ಸಲ ನನ್ನ ಈ ನೇಮದಿಂದ ಅವರಿಗೇ ಪೆಟ್ಟಾಯಿತು. ಹಿತ್ತಲ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕಲ್ಲಿನ ಕೆಳಗಿಂದ ಕೆಂಪಿರುವೆ ಸಾಲುಗಟ್ಟಿ ಪಂಚೆಯ ಕಡೆ ಹೊರಟಿತ್ತು. ನಾನು, "ಏಳಿ, ಏಳಿ, ಅದು, ಆ ಬಣ್ಣದ್ದು, ಕುಂಕುಮದ ಬಣ್ಣದ್ದು" ಎನ್ನುತ್ತಿದ್ದೆ. ಅವರು "ಏನು ಕುಂಕುಮ ಚೆಲ್ತಾ?" ಎಂದು ಕೇಳುವಷ್ಟರಲ್ಲಿ ಇರುವೆಗಳು ಊಟಕ್ಕೆ ಕೂತಾಗಿತ್ತು. ಬಾವಿಕಟ್ಟೆಯ ಸುತ್ತ ಕುಣಿಯುತ್ತಲೇ, "ನನ್ನ ಆಯಸ್ಸು ಉಳಿಸ್ತೀನಿ ಅಂತ ತೊಡೆ ಕಳೆದ್ಯಲ್ಲೇ!" ಎಂದು ಕೂಗಿದರು. ಇರುವೆ ಎಂದರೆ ಸಾಕಾಗಿತ್ತು, ಅದಕ್ಕೆ ಬಣ್ಣ ಬೇಕಿರಲಿಲ್ಲ. ಅದು ನನಗೆ ಹೊಳೆದದ್ದು ಎಣ್ಣೆ ಹಚ್ಚುವಾಗ.

ಒಂದು ವರ್ಷ ಲಾಲ್‌ಬಾಗಿಗೆ ಹೂವಿನ ಪ್ರದರ್ಶನಕ್ಕೆ ಹೋಗಿದ್ದೆವು. ಬಂಡೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ಅವರು ಹೇಳಿದರು, "ಗೌರಾ, ಬೆಳಗ್ಗೆಯಿಂದ ನೀನು ನಾಲ್ಕು ಸಲ ನನ್ನ ಹೆಸ್ರು ಹೇಳ್ದೆ."

"ನಾನೆಲ್ಲಿ ಹೇಳ್ದೆ?"

"ಲಾಲ್‌ಬಾಗು ಲಾಲ್‌ಬಾಗು ಅಂತ ಕುಣಿದ್ಯಲ್ಲ. ಲಾಲ್ ಅಂದ್ರೆ ಏನು ಗೊತ್ತಾ? ನಮ್ಮ ಸಾಹೇಬ್ರನ್ನ ಕೇಳು."

ನನ್ನ ಮುಖ ಹೇಗಾಯಿತೋ, ಅವರು ಬೇಗನೆ, "ಹೆದರ್ಬೇಡ, ಉರ್ದುನಲ್ಲಿ ಹೇಳಿದ್ರೆ ಉರ್ದು ಆಯಸ್ಸು ಕಮ್ಮಿ ಆಗುತ್ತೆ, ಕನ್ನಡದ್ದು ಹಂಗೇ ಇರುತ್ತೆ" ಎಂದರು. ಆಮೇಲೆ ಸಿಪ್ಪೆ ಊದುತ್ತಾ, "ಒಂದ್ಸಲ ಕನ್ನಡದಲ್ಲೂ ಹೇಳ್ಬಿಡು ನೋಡೋಣ. ಹೆಂಗಿರುತ್ತೋ ಕೇಳ್ಬೇಕು" ಎಂದರು. ನಾನು ತಮಾಷೆ ಎಂದುಕೊಂಡೆ. ಕಿವಿ ಮುಚ್ಚಿಕೊಂಡೆ ಕೂಡ. ಅಂದಿನಿಂದ ಆ ತೋಟವನ್ನು ಗಾಜಿನಮನೆ ಎಂದು ಕರೆಯತೊಡಗಿದೆ. ಎರಡು ಭಾಷೆಯಲ್ಲಿ ಎಚ್ಚರವಾಗಿರುವುದು ನನಗೆ ಹೊಸ ಕೆಲಸವಾಯಿತು.

ಕೊನೆಗೆ ಒಂಬತ್ತು ದಿನದ ಜ್ವರ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಬರೆಯುವವಳು "ಪೇಷೆಂಟ್ ಹೆಸರು?" ಎಂದಳು. ನಾನು ಪೆನ್ಸಿಲು ಕೊಡಮ್ಮ, ಬರೀತೀನಿ ಎಂದೆ. ಅವಳಿಗೆ ಅವಸರ, ಹಿಂದೆ ಸಾಲು ನಿಂತಿತ್ತು. "ಬಾಯಲ್ಲಿ ಹೇಳೋಕೇನಮ್ಮ?" ಎಂದಳು. ನಾನು ಅತ್ತ ಇತ್ತ ನೋಡುತ್ತಿದ್ದೆ. ಬೆಂಚಿನ ಮೇಲೆ ಕಣ್ಣುಮುಚ್ಚಿ ಮಲಗಿದ್ದವರು, ಕಣ್ಣು ತೆರೆಯದೆಯೇ, "ಕೆಂಪಣ್ಣ ಅಂತ ಬರ್ಕೊಳಿ ಸಿಸ್ಟರ್, ಅವಳು ಹೇಳಲ್ಲ" ಎಂದರು. ಅದರಲ್ಲಿ ನಗು ಇತ್ತೋ ದಣಿವಿತ್ತೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಅದೇ ನಾನು ಮತ್ತೆ ಮತ್ತೆ ಎದ್ದು ಬೀದಿಗೆ ಬರುತ್ತಿದ್ದುದಕ್ಕೆ ಕಾರಣವಿರಬೇಕು. ಕೂತರೆ ಆ ದನಿ ಕೇಳುತ್ತಿತ್ತು.

ನಡೆಯುವುದೇ ಆಯಿತು. ಕತ್ರಿಗುಪ್ಪೆಗೆ ನನ್ನ ನಾದಿನಿಯ ಮನೆಗೆಂದು ಹೊರಟು ಅವಳ ಬಾಗಿಲು ದಾಟಿ ಹೋಗಿಬಿಡುತ್ತಿದ್ದೆ. ನಾದಿನಿ, ಅಂದರೆ ಇವರ ತಂಗಿ, ಅವಳು ನೀಲಮ್ಮ. ಗಂಡನ ಮನೆಯವರ ಹೆಸರುಗಳಲ್ಲಿ ನಾನು ಧೈರ್ಯವಾಗಿ ಹೇಳಬಹುದಾಗಿದ್ದ ಒಂದೇ ಬಣ್ಣ. ಒಂದು ದಿನ ಬನ್ನೇರುಘಟ್ಟದ ದಾರಿ ಹಿಡಿದು ಬಿಳೇಕಹಳ್ಳಿಯ ತನಕ ನಡೆದೆ. ಅಲ್ಲಿ ಬಿಳಿ ಏನಿದೆ ನೋಡೋಣ ಎಂಬುದೊಂದು ನೆಪ. ರಾಗಿ ಹೊಲ ಹಸಿರಾಗಿತ್ತು, ಮಣ್ಣು ಕೆಂಪಗಿತ್ತು, ಒಂದು ಗೋಡೆಯ ಸುಣ್ಣ ಮಾತ್ರ ಬೆಳ್ಳಗಿತ್ತು, ಅದೂ ಅರ್ಧ. ಇನ್ನೊಂದು ದಿನ ನೀಲಸಂದ್ರ. ಅಲ್ಲಿ ಒಬ್ಬ ಅಗಸರವನು ಪಂಚೆಗಳಿಗೆ ನೀಲಿ ಹಾಕಿ ಹಿಂಡುತ್ತಿದ್ದ, ಅಷ್ಟೇ ನೀಲಿ. ಊರುಗಳಿಗೆ ಈ ಹೆಸರು ಯಾಕೆ ಬಂತೋ ನಾನು ಬಲ್ಲವಳಲ್ಲ. ಊರಿನವರನ್ನು ಕೇಳಿದೆ. "ಯಾವಾಗ್ಲೂ ಹಂಗೇ ಕರೀತಾರಮ್ಮ" ಎಂದರು. ಆಗ ನನಗನ್ನಿಸಿತು, ಹೆಸರಿನಲ್ಲಿ ಬಣ್ಣ ಉಳಿದಿರುವುದು ಕಣ್ಣಿಂದಲ್ಲ, ಬಾಯಿಂದ. ಮೊದಲು ನೋಡಿದ ಬಿಳುಪು ಯಾವಾಗಲೋ ಹೋಗಿರಬೇಕು. ಜನ ಕರೆಯುವುದು ಬಿಡಲಿಲ್ಲ, ಊರು ಇದೆ. ಹಿಂದಿರುಗುವಾಗ ಬಸ್ಸು ಹತ್ತಲಿಲ್ಲ, ಕಾಲು ನೋಯಲಿ ಎಂದು ನಡೆದೇ ಬಂದೆ.

ಬೀದಿಗಳಲ್ಲಿ ಅವರು ಬರೆದ ಬೋರ್ಡುಗಳು ಸಿಗುತ್ತಿದ್ದವು. ಕಾಫಿ ಪುಡಿ ಅಂಗಡಿ, ಹೊಲಿಗೆಯವನು, ಯಾರದೋ ಮನೆಯ ಗೇಟು. ಮಳೆಗೆ ಬಿಸಿಲಿಗೆ ಮೊದಲು ಹೋಗುವ ಬಣ್ಣ ಅದೇ, ನಾನು ಹೇಳದ್ದು. ಅವರೇ ಹೇಳುತ್ತಿದ್ದರು, ಕಪ್ಪು ನಿಲ್ಲುತ್ತೆ, ನೀಲಿ ಒಂದಷ್ಟು ವರ್ಷ ತಡೆಯುತ್ತೆ, ನನ್ನ ಹೆಸರಿನದು ಎರಡು ಬೇಸಿಗೆ ಅಷ್ಟೇ ಎಂದು. ಹೊಲಿಗೆಯವನ ಬೋರ್ಡಿನಲ್ಲಿ ಅಕ್ಷರಗಳು ಆಗಲೇ ಗುಲಾಬಿಗೆ ತಿರುಗಿದ್ದವು. ಅದರ ಮುಂದೆ ನಾನು ಎಷ್ಟು ಹೊತ್ತು ನಿಂತೆನೋ, ಹೊಲಿಗೆಯವನು ಹೊರಗೆ ಬಂದು "ರವಿಕೆನಾ ಅಕ್ಕಾ?" ಎಂದು ಕೇಳಿದ.

ಅಮಾವಾಸ್ಯೆ ಬಂತು. ನೀಲಮ್ಮ ಬೆಳಗ್ಗೆಯೇ ಬಂದು ಒಲೆಯ ಮುಂದೆ ಕೂತಳು. ಹುರುಳಿ ಸಾರು, ಮುದ್ದೆ, ಕಡುಬು, ಹಾಗಲಕಾಯಿ ಗೊಜ್ಜು. ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ ಇಟ್ಟೆವು. ದೊಡ್ಡಪ್ಪ ಬರಬೇಕಾದ ಹೊತ್ತು ಮೀರಿತು. ಅವರ ಬದಲು ಬಂದದ್ದು ಅವರ ಪಕ್ಕದ ಮನೆಯ ಹಾಲಿನವನು. "ತಾತಂಗೆ ಕಾಲು ಊದ್ಕೊಂಡು ಎದ್ದು ನಿಲ್ಲೋಕಾಗ್ತಿಲ್ಲ. ನೀವೇ ಯಾರಾದ್ರೂ ಕರ್ಕೊಳಿ ಅಂದ್ರು" ಎಂದು ಹೇಳಿ ಸೈಕಲ್ ಹತ್ತಿದ. ನಾನು ಹೊಸ್ತಿಲ ಬಳಿ ಕೂತೆ.

"ನೀನೇ ಕೂಗು ನೀಲಾ" ಎಂದೆ.

"ನಾನು ಚಿಕ್ಕೋಳು. ಹುಟ್ಟಿದಾಗಿಂದ ಅಣ್ಣಯ್ಯ ಅಂದಿದ್ದೀನಿ, ಹೆಸ್ರು ಹೆಂಗ್ ಹಿಡೀಲಿ? ಬೀದೀಲಿ ನಿಂತು ಅಣ್ಣಯ್ಯ ಬಾ ಅಂದ್ರೆ ಜಯನಗರದಲ್ಲಿರೋ ಅಣ್ಣಂದಿರೆಲ್ಲ ಬರ್ತಾರೆ."

"ಮತ್ತೆ ಯಾರು?"

ಅವಳು ಸೌಟು ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. "ನೀವೇ ಕರೀರಿ ಅತ್ತಿಗೆ."

"ಹೆಂಡ್ತಿ ಹೆಸ್ರು ಹೇಳಿದ್ರೆ..." ಎಂದೆ.

"ಆಯಸ್ಸು ಕಮ್ಮಿ ಆಗುತ್ತೆ" ಎಂದು ಅವಳೇ ಮುಗಿಸಿದಳು. "ಇನ್ನೆಲ್ಲಿದೆ ಅತ್ತಿಗೆ ಆಯಸ್ಸು? ಏನ್ ಉಳಿದಿದೆ ಅಂತ ಕಾಯ್ತಾ ಕೂತಿದ್ದೀರ? ಸಾರು ಆರ್ತಾ ಇದೆ."

ಅವಳ ಮೇಲೆ ಬಂದ ಸಿಟ್ಟಿಗೇ ನಾನು ಎದ್ದು ನಿಂತದ್ದು. ಪಕ್ಕದ ಖಾಲಿ ನಿವೇಶನದಲ್ಲಿ ಹೊಸ ಮನೆಗೆ ಪಾಯ ಹಾಕುತ್ತಿದ್ದರು, ಕಲ್ಲು ಒಡೆಯುವ ಸದ್ದು. ಎದುರು ಮನೆಯ ರೇಡಿಯೋದಲ್ಲಿ ಯಾರೋ ಬಾನಿನ ನೀಲಿಯನ್ನು ಹಾಡುತ್ತಿದ್ದರು. ಬಾಯಿ ತೆರೆದೆ. ಮೊದಲ ಸಲ ಹೊರಟದ್ದು ಗಾಳಿ.

"ಅದು ಬಾಗ್ಲಿಗೂ ಕೇಳಲ್ಲ" ಎಂದಳು ನೀಲಮ್ಮ.

ಎರಡನೆಯ ಸಲ "ಕೆಂ" ಎನ್ನುವಷ್ಟು ಬಂತು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ನಾನು ಕಣ್ಣುಮುಚ್ಚಿ, ಕಲ್ಲಿನ ಸದ್ದನ್ನೂ ರೇಡಿಯೋವನ್ನೂ ಮೀರುವ ಹಾಗೆ, ನನಗೇ ಗೊತ್ತಿಲ್ಲದ ಒಂದು ದನಿಯಲ್ಲಿ ಕೂಗಿದೆ. "ಕೆಂಪಣ್ಣಾ! ಊಟಕ್ಕೆ ಬಾ!"

ಕಲ್ಲಿನ ಸದ್ದು ನಿಂತಿತು.

"ಬಂದೆ ಕಣಮ್ಮೋ!" ಎಂದು ಗಂಡಸಿನ ದನಿ ಕೇಳಿತು.

ನೀಲಮ್ಮ ನನ್ನ ತೋಳು ಹಿಡಿದದ್ದು ಹೇಗೆಂದರೆ, ಉಗುರಿನ ಗುರುತು ಮೂರು ದಿನ ಉಳಿಯಿತು. ಪಾಯದ ಗುಂಡಿಯಿಂದ ಒಬ್ಬ ಮೇಲೆ ಬಂದ. ಐವತ್ತರ ಆಚೆಯ ಆಳು, ತಲೆಯ ಟವೆಲ್ಲಿನಿಂದ ರೆಪ್ಪೆಯ ತನಕ ಕಲ್ಲಿನ ಪುಡಿ. ಬೇಲಿಯ ಬಳಿ ನಿಂತು ನಮ್ಮಿಬ್ಬರ ಮುಖ ನೋಡಿ ತಬ್ಬಿಬ್ಬಾದ. "ಕರೆದ್ರಲ್ಲಮ್ಮ? ನಾನು ಕೆಂಪಣ್ಣ. ಕನಕಪುರದ ಕಡೆಯವ್ನು. ನೀರು ಗೀರು ಸೇದ್ಬೇಕಿತ್ತಾ?"

ನೀಲಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂದು, "ಕರೆದ್ರೆ ಬಂದಿದ್ದಾರೆ, ಒಳಕ್ಕೆ ಕರೀರಿ ಅತ್ತಿಗೆ. ಬಾಗ್ಲಲ್ಲಿ ನಿಲ್ಲಿಸ್ತೀರಾ?" ಎಂದಳು.

ವಿಷಯ ತಿಳಿದ ಮೇಲೆ ಅವನು ಕೈಮುಗಿದು, ಹಿರಿಯರ ಎಡೆ ಹೊತ್ತಲ್ಲಿ ತಪ್ಪಾಯ್ತು ಎಂದು ಹಿಂದೆ ಸರಿಯತೊಡಗಿದ. ನಾನು ಬಿಡಲಿಲ್ಲ. ಎಡೆಯ ಎಲೆಯನ್ನು ಅದರ ಜಾಗದಲ್ಲೇ ಬಿಟ್ಟು, ಪಡಸಾಲೆಯಲ್ಲಿ ಇನ್ನೊಂದು ಎಲೆ ಹಾಕಿದೆ. ಕೈಕಾಲು ತೊಳೆದು ಬಂದು ಕೂತ. ಮುದ್ದೆ ಮುರಿದು ಸಾರಿಗೆ ಅದ್ದಿ ಎರಡು ತುತ್ತು ನುಂಗಿದವನು ಕೈ ನಿಲ್ಲಿಸಿ, ತಲೆ ತಗ್ಗಿಸಿಯೇ ಹೇಳಿದ. "ಒಂದ್ ಮಾತಮ್ಮ. ಕೂಗಿದ್ದು ನನ್ನಲ್ಲ ಅಂತ ಗೊತ್ತಾಯ್ತು. ಆದ್ರೂ ಗುಂಡೀಲಿ ಎದೆ ಧಸಕ್ಕಂತು. ನಮ್ಮವ್ವ ಹೋದ್ಮೇಲೆ ಹೆಂಗಸ್ರು ಯಾರೂ ನನ್ ಹೆಸ್ರಿಡಿದು ಕರ್ದಿರ್ಲಿಲ್ಲ. ಮನೇವ್ಳು ಕರೆಯಲ್ಲ. ತಂಗೀರು ಕರೆಯಲ್ಲ. ಹೆಂಗಸಿನ ದನೀಲಿ ಆ ಹೆಸ್ರು ಹೆಂಗಿರುತ್ತೆ ಅನ್ನೋದೇ ಮರೆತೋಗಿತ್ತು."

ನಮ್ಮ ಅತ್ತೆಯವರು ತೀರಿಕೊಂಡು ಹದಿನಾರು ವರ್ಷ. ಹದಿನಾರು ವರ್ಷ ನನ್ನ ಗಂಡ ಆ ಹೆಸರನ್ನು ಗಂಡಸರ ಬಾಯಲ್ಲೇ ಕೇಳಿದರು. ಟೆಂಟಿನ ಮಾಲೀಕ, ಸಾಹೇಬರು, ತೆರೆಯ ಮೇಲಿನ ಧಣಿ. ನಾನು ಅವರ ಆಯಸ್ಸನ್ನು ಕಾಯುತ್ತಿದ್ದೆ ಎಂದುಕೊಂಡಿದ್ದೆ.

ಅವನ ಎಲೆಯಲ್ಲಿ ಸಾರು ಮುಗಿದಿತ್ತು. ನಾನು ಪಾತ್ರೆ ತೆಗೆದುಕೊಂಡು ಬಂದು ಅವನ ಮುಂದೆ ಕೂತೆ. ಎಷ್ಟೋ ತಿಂಗಳ ಮೇಲೆ ಒಂದು ಕಡೆ ಕೂತದ್ದು.

"ಇನ್ನೊಂದ್ ಸ್ವಲ್ಪ ಹಾಕ್ಲಾ," ಎಂದು ಕೇಳಿದೆ, "ಕೆಂಪಣ್ಣ?"